ಮೃಣ್ಮಯ ಪ್ರತಿಕೃತಿಯೂ ಅದರ ಚೌಕಟ್ಟೂ

ದೇವತಾಪ್ರತಿಮೆಗಳು ಎಂಟು ಬಗೆಯವೆಂದು ಶ್ರೀಮದ್ಭಾಗವತದ ಏಕಾದಶಸ್ಕಂಧದಲ್ಲಿ ಹೇಳಿದೆ. ಶಿಲೆ, ಮರ, ಲೋಹ, ಲೇಪ್ಯ, ಲೇಖ್ಯ, ಮರಳು, ಮನಸ್ಸು, ಮಣಿ ಎಂಬಿವೇ ಆ ಎಂಟು. ಇವುಗಳೊಳಗೆ ಲೇಪ್ಯವೆಂದರೆ ಮಣ್ಣು, ಗಾರೆ ಮೊದಲಾದುವನ್ನು ಮೆತ್ತಿ ಮಾಡಿದುದು. ಲೇಖ್ಯವೆಂದರೆ ಬಣ್ಣದಿಂದ ಬರೆದುದು. ಗೇಣುದ್ದದ ಹಲಗೆಯ ಮೇಲೆ ಮಣ್ಣನ್ನು ಮೆತ್ತಿ, ಅದರಲ್ಲಿ ಒಬ್ಬ ಮನುಷ್ಯನ ಮುಖವನ್ನು ಅರ್ಧದಷ್ಟು ಉಬ್ಬಿಸಿ, ಆ ಮೇಲೆ ಬಣ್ಣ ಹಾಕಿ, ಸುತ್ತಲೂ ಚೌಕಟ್ಟು ಕಟ್ಟಿದರೆ, ಅದು ಲೇಪ್ಯವೂ ಅಹುದು, ಲೇಖ್ಯವೂ ಅಹುದು. ಕೇರಳದ ಶ್ರೀಕುಮಾರನು ೧೬ನೆಯ ಶತಮಾನದಲ್ಲಿ ರಚಿಸಿದ ಶಿಲ್ಪರತ್ನದಲ್ಲಿ ಸುತ್ತಲೂ ಕಾಣುವಂತೆ ಮಾಡಿದ ಮೂರ್ತಿಯನ್ನು ಚಿತ್ರವೆಂದೂ, ಹಿಂಬದಿಯು ಭಿತ್ತಿಗಂಟಿಕೊಂಡು ಮುಂಬದಿಯು ಮಾತ್ರ ಕಾಣುವುದನ್ನು ಅರ್ಧಚಿತ್ರವೆಂದೂ, ಬಣ್ಣದಿಂದ ಮಾತ್ರವೇ ತೋರುವುದನ್ನು ಚಿತ್ರಾಭಾಸವೆಂದೂ ವಿಭಾಗಿಸಿರುವುದುಂಟು. ಪ್ರಕೃತ ವಿಷಯವು ಅರ್ಧಚಿತ್ರ ಚಿತ್ರಾಭಾಸಗಳೆರಡರ ಸಂಗಮಸ್ಥಾನವೆನ್ನಬಹುದು.

ನಮ್ಮ ಬಳ್ಳಾರಿ ಸೀಮೆಯ ಕಲೆಯ ಚರಿತ್ರೆಯನ್ನು ಬರೆದವರು ಪ್ರಾಯಶಃ ಕಲ್ಲನ್ನು ಕುರಿತೇ ಬರೆದಿರುವರು. ಅಲೆಗ್ಸಾಂಡರ್ ರೀ ಎಂಬ ಪಂಡಿತರು ೧೮೯೬ರಲ್ಲಿ ಈ ಜಿಲ್ಲೆಯ ಚಾಲುಕ್ಯ ದೇವಾಲಯಗಳನ್ನು ಕುರಿತು ದೊಡ್ಡ ಗ್ರಂಥವನ್ನು ಪ್ರಕಟಿಸಿದಂದಿನಿಂದ ಈ ರೂಢಿಯು ಬಲವಾಯಿತು. ಕಲ್ಲು ಉಳಿಯುತ್ತದೆ; ಉಳಿದುದನ್ನು ಕುರಿತು ಬರೆಯುವುದು ಸುಲಭ. ಮಣ್ಣು ಕರಗುತ್ತದೆ, ಕರಗಿದುದನ್ನು ಕುರಿತು ಬರೆಯಬೇಕಾದರೆ ಅದರ ಜಾಡನ್ನು ಗ್ರಂಥಗಳಲ್ಲಿಯೂ ಆಚಾರಗಳಲ್ಲಿಯೂ ಹುಡುಕಬೇಕಾಗುತ್ತದೆ. ಮಣ್ಣಿನಲ್ಲಿ ಮನುಷ್ಯನ ಮುಖವನ್ನು ಮಾಡಿಡಬೇಕೆಂಬ ಬಯಕೆ ಎಲ್ಲಿಂದ ಬಂದಿತು, ಅದು ನಮ್ಮವರಿಗೆ ಸಮ್ಮತವೇ, ಅದಕ್ಕೆ ಚೌಕಟ್ಟು ಏಕೆ ಬೇಕು, ಅದನ್ನು ಮಾಡುವ ಕ್ರಮವೇನು ಎಂಬೀ ನಾಲ್ಕನ್ನು ಇಲ್ಲಿ ಯಥಾಮತಿಯಾಗಿ ವಿಚಾರಿಸುವೆವು.

೧. ಮಣ್ಣು

ಬಳ್ಳಾರಿ ನಗರದ ಸಮೀಪದಲ್ಲಿರುವ ಸಂಗನಕಲ್ಲು, ಕಪ್ಪಗಲ್ಲುಗಳ ಗುಡ್ಡಗಳಲ್ಲಿ ನವಶಿಲಾಯುಗದ ಜನರು ವಾಸಿಸುತ್ತಿದ್ದರೆಂಬುದು ವಾಚಕರಿಗೆ ವಿದಿತವೇ ಇದೆ. ಭೂಗರ್ಭಶಾಸ್ತ್ರಜ್ಞರಾದ ರಾಬರ್ಟ್ ಬ್ರೂಸ್ ಫೂಟರು ೧೯ನೆಯ ಶತಮಾನದ ಉತ್ತರಾರ್ಧದಲ್ಲಿ ಈ ಪ್ರದೇಶದ ಕಲ್ಲಿನ ಆಯುಧಗಳನ್ನು ಸಂಗ್ರಹಿಸಿದರು. ಕಪ್ಪಗಲ್ಲಿನ ಬಂಡೆಗಳ ಮೇಲೆ ಕುಟ್ಟಿ ಬಿಡಿಸಿದ ಗೂಳಿಗಳ ಮತ್ತು ಮನುಷ್ಯರ ಚಿತ್ರಗಳನ್ನು ಕುರಿತು ಫಾಸೆಟ್ ಎಂಬವರು ೧೮೯೨ರಲ್ಲಿ ಬರೆದರು. ಬಿ. ಸುಬ್ಬರಾಯರ ‘ಬಳ್ಳಾರಿಯ ಶಿಲಾಯುಗ ಸಂಸ್ಕೃತಿಗಳು’ ಎಂಬ ಇಂಗ್ಲಿಷ್ ಗ್ರಂಥವು ೧೯೪೮ರಲ್ಲಿ ಹೊರಬಂದಿತು. ಸಿರುಗುಪ್ಪ ತಾಲೂಕಿನ ತೆಕ್ಕಲಕೋಟೆಯಲ್ಲಿ ಎಂ. ಎಸ್. ನಾಗರಾಜರಾಯರೂ ಕೆ. ಸಿ. ಮಲ್ಹೋತ್ರರೂ ಉತ್ಖನನ ನಡೆಸಿ ೧೯೬೫ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಇವರೆಲ್ಲರ ಶ್ರಮದ ಫಲವಾಗಿ ಈ ಗುಡ್ಡಗಳಲ್ಲಿ ನಾಲ್ಕು ಸಾವಿರ ವರ್ಷಗಳ ಹಿಂದೆಯೇ ಮನುಷ್ಯನು ದನವನ್ನು ಸಾಕಿ, ಮಡಕೆಯನ್ನು ಮಾಡಿಕೊಂಡು ಬಾಳಿದನೆಂಬುದು ಸಿದ್ಧವಾಗಿದೆ. ಅಂದಿನವರ ಕೆಲಸದ ವಸ್ತುಗಳನ್ನು ಬಳ್ಳಾರಿಯಲ್ಲಿ ಬ್ರೂಸ್ ಫೂಟರ ಹೆಸರಿನಲ್ಲಿಯೇ ಇರುವ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು.

ಈ ಯುಗದ ಒಂದು ಆಚಾರವನ್ನು ಇಲ್ಲಿ ಸ್ಮರಿಸಬೇಕು. ದಕ್ಷಿಣದ ನವಶಿಲಾಯುಗದ ಗ್ರಾಮಗಳಲ್ಲಿ ಸತ್ತ ಹಸುಗೂಸುಗಳನ್ನು ಮಣ್ಣಿನ ಗಡಿಗೆಗಳಲ್ಲಿಟ್ಟು, ವಾಸದ ಮನೆಯ ನೆಲದಲ್ಲಿ ಅಥವಾ ಅದರ ಬಳಿಯಲ್ಲಿಯೇ ಹೂಳುತ್ತಿದ್ದರು. ದೊಡ್ಡವರನ್ನು ಬರಿಯ ಗುಂಡಿಯಲ್ಲಿ ಹೂಳುತ್ತಿದ್ದವರು ಕೂಸಿಗೆ ಮಾತ್ರ ಮಣ್ಣಿನ ಪಾತ್ರೆಯೊಂದನ್ನು ಕೊಟ್ಟರು. ಆ ಕೂಸಿನ ಮುಖವನ್ನು ಅವರು ಮಣ್ಣಿನಲ್ಲಿ ಮಾಡಲಿಲ್ಲ. ಆದರೆ ಅಗಲಿದವರನ್ನು ಮನೆಯಲ್ಲಿಯೇ ಇಟ್ಟುಕೊಳ್ಳುವ ಕೆಲಸಕ್ಕೆ ಮಣ್ಣನ್ನೇ ಆರಿಸಿಕೊಂಡರು. ಈ ಸಂಗತಿಯು ಮುಂದಿನ ವಿಚಾರಕ್ಕೆ ಅವಶ್ಯವಾಗಿದೆ.

ಎಲ್ಲ ಮಣ್ಣೂ ಮೂರ್ತಿಯ ಕೆಲಸಕ್ಕೆ ಬಾರದು. ಬಳ್ಳಾರಿ ಸಿರುಗುಪ್ಪಗಳ ನಡುವಣ ಎರೆಯ ಹೊಲಗಳ ಕರಿಮಣ್ಣು ಹತ್ತಿಗೆ ಪ್ರಸಿದ್ಧವಾದುದು. ಅದು ನೀರುಂಡರೆ ಉಬ್ಬುತ್ತದೆ, ಬೇಸಗೆಯಲ್ಲಿ ಕಾಲಿಡುವಷ್ಟು ಅಗಲವಾಗಿ ಬಿರಿಯುತ್ತದೆ. ಒಕ್ಕಲಿಗನಿಗೆ ಹೊನ್ನಾದ ಆ ಗುಣವೇ ಶಿಲ್ಪಿಗೆ ಶತ್ರು. ತುಂಗಭದ್ರೆ ಹಗರಿಗಳ ದಡದ ನಯವಾದ ಮೆಕ್ಕಲು ಮಣ್ಣು, ಕೆರೆಯಂಗಳದ ಜೇಡಿ, ಹುತ್ತದ ಮಣ್ಣು ಇವು ಈ ಕೆಲಸಕ್ಕೆ ಯೋಗ್ಯವಾದುವು. ಕುಂಬಾರರು ಒಂದೇ ಮಣ್ಣನ್ನು ನೆಚ್ಚುವುದಿಲ್ಲ. ಜಿಗುಟಿನ ಮಣ್ಣಿಗೆ ಮರಳು ಮಿಶ್ರವಾದುದನ್ನು ಸೇರಿಸಿ ಹದ ಮಾಡುವರು. ಕರಿಮಣ್ಣು ಶಿಲ್ಪಿಗೆ ಉಪಕರಿಸುವುದು ಬೇರೊಂದು ವಿಧದಲ್ಲಿ. ಅದು ಬೆಳೆದ ಅರಳೆಯನ್ನು ಎಳೆಯೆಳೆಯಾಗಿ ಬಿಡಿಸಿ ಮಣ್ಣಿನೊಡನೆ ಕಲಸಿ ನಾದಿದರೆ ಆ ಮಣ್ಣು ಒಣಗುವಾಗ ಬಿರಿಯುವುದು ಕಡಮೆಯಾಗುತ್ತದೆ.

೨. ಕರಗಬೇಕಾದ ಮೂರ್ತಿಗಳು

ನಮ್ಮ ಹಳ್ಳಿಗಳಲ್ಲಿ ವರ್ಷದ ಹಬ್ಬಗಳು ಮಣ್ಣಿನ ಹಬ್ಬಗಳೇ ಆಗಿವೆ. ಜ್ಯೇಷ್ಠದ ಅಮಾವಾಸ್ಯೆಯಂದು ಜೋಡೆತ್ತುಗಳನ್ನೂ ಗೋದಲಿಯನ್ನೂ ಮಣ್ಣಿನಲ್ಲಿ ಮಾಡಿ ಪೂಜಿಸುವರು; ಅದರಿಂದಲೇ ಅದಕ್ಕೆ ಮಣ್ಣೆತ್ತಿನ ಅಮಾವಾಸ್ಯೆಯೆಂದು ಹೆಸರಾಯಿತು. ಆಷಾಢದ ಮಂಗಳವಾರಗಳಲ್ಲಿ ಉತ್ತರ ಕರ್ನಾಟಕದ ಹುಡುಗಿಯರು ಗುಳ್ಳವ್ವನನ್ನು ಮಾಡುವರು. ಶ್ರಾವಣದಲ್ಲಿ ನಾಗಪ್ಪ, ಭಾದ್ರಪದದಲ್ಲಿ ಗಣಪತಿ, ಗಣಪತಿಯ ಬೆನ್ನಲ್ಲಿಯೇ ಜೋಕುಮಾರ. ಬುಟ್ಟಿಯಲ್ಲಿ ಬೇವಿನ ಸೊಪ್ಪಿನ ನಡುವೆ ಕುಳ್ಳಿರಿಸಿ, ಬಾಯಿಗೆ ಬೆಣ್ಣೆ ಸವರಿ, ಮನೆಮನೆಗೆ ಹೊತ್ತು ತರುವ ಆ ಜೋಕುಮಾರನ ಮುಖವನ್ನು ನೋಡಿದವರು ಮರೆಯಲಾರರು. ಅಗಲವಾದ ಕಣ್ಣು, ತೆರೆದ ಬಾಯಿ, ತಿದ್ದಿದ ಮೀಸೆ ಇವುಗಳಿಂದ ಅದು ದೇವರ ಮುಖಕ್ಕಿಂತ ಮನುಷ್ಯನ ಮುಖಕ್ಕೇ ಹತ್ತಿರವಾಗಿದೆ.

ಈ ಎಲ್ಲ ಮೂರ್ತಿಗಳಿಗೂ ಸಮಾನವಾದ ಧರ್ಮವೊಂದುಂಟು. ಇವು ಉಳಿಯಲೆಂದು ಮಾಡಿದುವಲ್ಲ. ಗಣಪತಿಯನ್ನು ನೀರಿಗೆ ಬಿಡಬೇಕು. ಜೋಕುಮಾರನಿಗೆ ಹುಣ್ಣಿಮೆಯ ರಾತ್ರಿ ಮರಣವಾಗಲೇಬೇಕು. ಮಣ್ಣಿನಿಂದ ಬಂದುದು ಮಣ್ಣಿಗೆ ಹೋಗಬೇಕೆಂಬ ನಿಯಮವನ್ನು ನಮ್ಮ ಜನರು ಪ್ರತಿವರ್ಷವೂ ಮಕ್ಕಳ ಕೈಯಿಂದ ಮಾಡಿಸಿ ಕಲಿಸುವರು. ಹೀಗಿರಲು, ಮಣ್ಣಿನ ಮುಖವೊಂದನ್ನು ಚೌಕಟ್ಟಿನಲ್ಲಿಟ್ಟು ಗೋಡೆಗೆ ತೂಗುಹಾಕಿ ವರ್ಷಗಟ್ಟಲೆ ಉಳಿಸಿಕೊಳ್ಳುವುದು ಈ ನಿಯಮಕ್ಕೆ ಎದುರಾಗಿ ನಿಂತಂತಾಗಲಿಲ್ಲವೇ ಎಂಬ ಪ್ರಶ್ನೆಯು ಸಹಜವಾಗಿ ಹುಟ್ಟುತ್ತದೆ.

೩. ಅಗಲಿಕೆಯೂ ಪ್ರತಿಕೃತಿಯೂ

ಚಿತ್ರಕಲೆಯ ಹುಟ್ಟನ್ನು ಕುರಿತು ನಮ್ಮಲ್ಲಿ ಎರಡು ಕಥೆಗಳಿವೆ. ವಿಷ್ಣುಧರ್ಮೋತ್ತರ ಪುರಾಣದಲ್ಲಿ ನಾರಾಯಣ ಮಹರ್ಷಿಯು ಮಾವಿನ ರಸದಿಂದ ತನ್ನ ತೊಡೆಯ ಮೇಲೆ ಊರ್ವಶಿಯ ರೂಪವನ್ನು ಬರೆದನೆಂದು ಹೇಳಿದೆ. ಇದು ಸೌಂದರ್ಯದಿಂದ ಹುಟ್ಟಿದ ಕಲೆ. ಟಿಬೆಟ್ಟಿನ ಭಾಷೆಯಲ್ಲಿ ಮಾತ್ರ ಉಳಿದು ಬಂದಿರುವ ನಗ್ನಜಿತನ ಚಿತ್ರಲಕ್ಷಣದ ಕಥೆ ಬೇರೆ. ಬ್ರಾಹ್ಮಣನೊಬ್ಬನ ಮಗನು ಅಕಾಲದಲ್ಲಿ ಸತ್ತನು. ತಂದೆಯು ರಾಜನಲ್ಲಿ ಮೊರೆಯಿಟ್ಟನು. ಯಮನು ಬಾಲಕನನ್ನು ಬಿಟ್ಟುಕೊಡಲಿಲ್ಲ. ಆಗ ಬ್ರಹ್ಮನ ಮಾತಿನಂತೆ ರಾಜನು ಆ ಬಾಲಕನ ರೂಪವನ್ನು ಬಣ್ಣದಿಂದ ಬರೆಯಲು ಬ್ರಹ್ಮನು ಅದಕ್ಕೆ ಜೀವವನ್ನು ಕೊಟ್ಟನು. ಇದು ದುಃಖದಿಂದ ಹುಟ್ಟಿದ ಕಲೆ. ಲೋಕದ ಮೊದಲನೆಯ ಚಿತ್ರವು ಸತ್ತ ಮಗುವೊಂದರ ಪ್ರತಿಕೃತಿಯೆಂದು ಈ ಗ್ರಂಥದ ಮತ.

ಪಶ್ಚಿಮದವರ ಕಥೆಯೂ ಇದಕ್ಕೆ ದೂರವಾಗಿಲ್ಲ. ರೋಮಿನ ಪ್ಲಿನಿ ಎಂಬ ಪಂಡಿತನು ಕ್ರಿಸ್ತಶಕದ ೧ನೆಯ ಶತಮಾನದಲ್ಲಿ ಬರೆದಿಟ್ಟಿರುವುದೇನೆಂದರೆ: ಬ್ಯುಟಾಡಿಸ್ ಎಂಬ ಕುಂಬಾರನ ಮಗಳು, ತನ್ನ ಪ್ರಿಯನು ಪರದೇಶಕ್ಕೆ ಹೊರಟುನಿಂತಾಗ, ದೀಪದ ಬೆಳಕಿನಲ್ಲಿ ಗೋಡೆಯ ಮೇಲೆ ಬಿದ್ದ ಅವನ ಮುಖದ ನೆರಳಿನ ಸುತ್ತ ಗೆರೆಯೆಳೆದಳು. ತಂದೆಯು ಆ ಗೆರೆಯೊಳಗೆ ಮಣ್ಣನ್ನು ಮೆತ್ತಿ, ಉಬ್ಬಿದ ಮುಖವನ್ನು ಮಾಡಿ, ತನ್ನ ಮಡಕೆಗಳೊಡನೆ ಆವಿಗೆಯಲ್ಲಿಟ್ಟು ಸುಟ್ಟನು. ಮಣ್ಣಿನ ಅರ್ಧಚಿತ್ರಕ್ಕೆ ಅವರು ಹೇಳುವ ಮೂಲಪುರುಷನು ಈ ಕುಂಬಾರನೇ.

ನಮ್ಮ ಮಹಾಭಾರತದ ಏಕಲವ್ಯನೂ ಇದೇ ಸಾಲಿಗೆ ಸೇರಿದವನು. ಗುರುವು ತಿರಸ್ಕರಿಸಲು ಅವನು ಕಾಡಿಗೆ ಹೋಗಿ ಮಣ್ಣಿನಿಂದ ದ್ರೋಣನ ರೂಪವನ್ನು ಮಾಡಿಕೊಂಡು ಅದರ ಮುಂದೆ ಬಿಲ್ವಿದ್ಯೆಯನ್ನು ಸಾಧಿಸಿದನು. ನಮ್ಮ ಸಾಹಿತ್ಯದಲ್ಲಿ ಬದುಕಿರುವ ಮನುಷ್ಯನೊಬ್ಬನ ಮೃಣ್ಮಯ ಪ್ರತಿಕೃತಿಗೆ ಇದಕ್ಕಿಂತ ಪ್ರಸಿದ್ಧವಾದ ಉದಾಹರಣೆಯಿಲ್ಲ. ಅದನ್ನು ಮಾಡಿದವನು ಶಿಲ್ಪಿಯಲ್ಲ, ರಾಜನಲ್ಲ, ಬೇಡರ ಹುಡುಗ. ಭಾಸನ ಪ್ರತಿಮಾನಾಟಕದಲ್ಲಿ ಅಯೋಧ್ಯೆಗೆ ಮರಳುತ್ತಿರುವ ಭರತನು ಪ್ರತಿಮಾಗೃಹವನ್ನು ಹೊಕ್ಕು, ಪೂರ್ವಜರ ಪ್ರತಿಮೆಗಳ ಸಾಲಿನಲ್ಲಿ ತಂದೆಯ ಪ್ರತಿಮೆಯನ್ನೂ ಕಂಡು, ತಂದೆಯು ಇನ್ನಿಲ್ಲವೆಂಬುದನ್ನು ತಿಳಿಯುತ್ತಾನೆ. ಅಲ್ಲಿ ಪ್ರತಿಮೆಯೇ ಮರಣವಾರ್ತೆ.

ಈ ನಾಲ್ಕು ಕಥೆಗಳನ್ನೂ ಒಟ್ಟಿಗೆ ನೋಡಿದರೆ ಒಂದು ಅಂಶವು ಸ್ಪಷ್ಟವಾಗುತ್ತದೆ. ಸತ್ತ ಮಗ, ಹೊರಟುನಿಂತ ಪ್ರಿಯ, ದೊರೆಯದ ಗುರು, ಅಗಲಿದ ತಂದೆ: ಎದುರಿಗೆ ಇಲ್ಲದವರಿಗಾಗಿಯೇ ಪ್ರತಿಕೃತಿಯು ಹುಟ್ಟಿದೆ. ದೇವರ ಮೂರ್ತಿಯನ್ನು ವಿಸರ್ಜಿಸಬಹುದು, ಏಕೆಂದರೆ ದೇವರು ಮುಂದಿನ ವರ್ಷ ಬರುವನೆಂಬ ನಂಬಿಕೆಯುಂಟು. ಹೋದ ಮನುಷ್ಯನು ಬಾರನು. ಆದುದರಿಂದ ಅವನ ಮಣ್ಣಿನ ಮುಖವನ್ನು ಉಳಿಸಿಕೊಳ್ಳಬೇಕೆಂಬ ಬಯಕೆಯು ವಿಸರ್ಜನೆಯ ನಿಯಮಕ್ಕೆ ವಿರುದ್ಧವಾದುದೆಂದು ನಮಗೆ ತೋರುವುದಿಲ್ಲ. ಎರಡಕ್ಕೂ ವಿಷಯ ಬೇರೆ.

ಆದರೆ ಇದಕ್ಕೆ ಶಾಸ್ತ್ರದ ಆಕ್ಷೇಪವೊಂದುಂಟು; ಅದನ್ನು ಮರೆಮಾಡುವುದು ಸರಿಯಲ್ಲ. ದೇವತೆಗಳ ಬಿಂಬವು ಲಕ್ಷಣಹೀನವಾದರೂ ಶ್ರೇಯಸ್ಕರ, ಮರ್ತ್ಯರ ಬಿಂಬವು ಲಕ್ಷಣಯುಕ್ತವಾದರೂ ಶ್ರೇಯಸ್ಕರವಲ್ಲ ಎಂಬರ್ಥದ ಮಾತು ಶುಕ್ರನೀತಿಸಾರದಲ್ಲಿದೆ. ಮನುಷ್ಯರ ಮುಖವನ್ನು ಮಾಡಿಡುವುದು ಅಮಂಗಳವೆಂದು ಕೆಲವರು ಇಂದಿಗೂ ಹೇಳುವುದಕ್ಕೆ ಇಂತಹ ವಚನಗಳೇ ಆಧಾರ. ಇದಕ್ಕೆ ನಮ್ಮ ಸಮಾಧಾನವು ಹೀಗಿದೆ. ಆ ವಚನದ ಪ್ರಕರಣವು ದೇವಾಲಯದಲ್ಲಿ ಪೂಜೆಗೊಳ್ಳುವ ಬಿಂಬದ್ದು. ಪೂಜ್ಯಸ್ಥಾನದಲ್ಲಿ ಮನುಷ್ಯನನ್ನು ಕುಳ್ಳಿರಿಸಬಾರದೆಂಬುದೇ ಅದರ ಆಶಯವೆಂದು ನಾವು ತಿಳಿಯುವೆವು. ಸ್ಮರಣೆಗಾಗಿ ಮಾಡಿದ ರೂಪಕ್ಕೆ ಅದು ತಗಲದು. ತಗಲುವುದಾಗಿದ್ದರೆ ವಿಷ್ಣುಧರ್ಮೋತ್ತರದ ಚಿತ್ರಸೂತ್ರವು ಸಾದೃಶ್ಯವನ್ನೇ ಚಿತ್ರದ ಪ್ರಧಾನಗುಣವೆಂದು ಏಕೆ ಹೇಳುತ್ತಿದ್ದಿತು? ಕಾಳಿದಾಸನ ದುಷ್ಯಂತನು ಶಕುಂತಲೆಯ ಚಿತ್ರವನ್ನು ಬರೆದು ಅದರ ಮುಂದೆ ಏಕೆ ಪರಿತಪಿಸುತ್ತಿದ್ದನು? ಅದೇ ನಾಟಕದ ಕಡೆಯ ಅಂಕದಲ್ಲಿ ಮಗುವಾದ ಭರತನಿಗೆ ಬಣ್ಣ ಬರೆದ ಮಣ್ಣಿನ ನವಿಲನ್ನು ಕೊಡುವರು. ಅದರ ನೆವದಿಂದಲೇ ತಾಯಿಯ ಹೆಸರು ತಂದೆಯ ಕಿವಿಗೆ ಬೀಳುತ್ತದೆ. ಬಣ್ಣದ ಮಣ್ಣು ಅಗಲಿದವರನ್ನು ಸೇರಿಸುವ ಸಾಧನವಾದುದನ್ನು ಕವಿಕುಲಗುರುವೇ ಒಪ್ಪಿರುವನು.

೪. ಹೆಸರೂ ಮುಖವೂ

ಇನ್ನು ನಮ್ಮ ನಾಡಿನ ಚರಿತ್ರೆಗೆ ಬರೋಣ. ತುಂಗಭದ್ರೆಯ ಬಳಿಯ ನಿಟ್ಟೂರು ಸಿರುಗುಪ್ಪ ತಾಲೂಕಿನದು. ಅಲ್ಲಿಯೂ ಉಡೇಗೋಳದಲ್ಲಿಯೂ ೧೯೭೦ರ ದಶಕದಲ್ಲಿ ಮೌರ್ಯ ಚಕ್ರವರ್ತಿಯ ಬಂಡೆಶಾಸನಗಳು ಬೆಳಕಿಗೆ ಬಂದುವು. ಆತನ ಶಾಸನಗಳಲ್ಲಿ ಬಹುಪಾಲು ಬಿರುದುಗಳನ್ನು ಮಾತ್ರ ಹೇಳುವಾಗ, ಮಸ್ಕಿ, ಗುಜರ್ರಾ, ನಿಟ್ಟೂರು, ಉಡೇಗೋಳ ಎಂಬ ಕೆಲವೇ ಸ್ಥಳಗಳಲ್ಲಿ ಅಶೋಕನೆಂಬ ಹೆಸರು ಕಾಣಬರುತ್ತದೆ. ಹೀಗೆ ಸಿರುಗುಪ್ಪ ಸೀಮೆಯು ಅಶೋಕನ ಹೆಸರನ್ನು ಕಾಪಾಡಿತು, ಮುಖವನ್ನಲ್ಲ. ಮುಖವು ಕಲಬುರಗಿ ಜಿಲ್ಲೆಯ ಸನ್ನತಿಯ ಬಳಿಯ ಕನಗನಹಳ್ಳಿಯಲ್ಲಿ ೧೯೯೦ರ ದಶಕದ ಉತ್ಖನನದಲ್ಲಿ ದೊರೆಯಿತು. ಅಲ್ಲಿನ ಸ್ತೂಪದ ಶಿಲಾಫಲಕದಲ್ಲಿ ರಾಜನೂ ರಾಣಿಯೂ ಪರಿವಾರದವರೊಡನೆ ನಿಂತಿರುವರು. ಬ್ರಾಹ್ಮೀ ಲಿಪಿಯಲ್ಲಿ ‘ರಾಯೋ ಅಸೋಕೋ’ ಎಂದು ಬರೆದಿದೆ. ಆದರೆ ಅದನ್ನು ಕೆತ್ತಿದವನು ಅಶೋಕನು ಗತಿಸಿ ಶತಮಾನಗಳಾದ ಮೇಲೆ ಬದುಕಿದ್ದವನು. ಅದು ಅಶೋಕನ ಹೆಸರು ಹೊತ್ತ ರಾಜರೂಪವೇ ಹೊರತು ಅಶೋಕನನ್ನು ಕಂಡು ಮಾಡಿದ ರೂಪವಲ್ಲ.

ನಮ್ಮ ಊರೂರುಗಳಲ್ಲಿರುವ ವೀರಗಲ್ಲುಗಳದು ಮತ್ತೊಂದು ರೀತಿ. ಸಾಮಾನ್ಯವಾಗಿ ಅವುಗಳಲ್ಲಿ ಮೂರು ಅಂತಸ್ತುಗಳು. ಕೆಳಗೆ ಕಾಳಗ, ನಡುವೆ ದೇವಾಂಗನೆಯರು ವೀರನನ್ನು ಒಯ್ಯುವುದು, ಮೇಲೆ ಶಿವನ ಸನ್ನಿಧಿ. ತುರುಗಳನ್ನು ಬಿಡಿಸಲು ಹೋಗಿ ಮಡಿದ ಸಾಮಾನ್ಯನಿಗೂ ಕಲ್ಲು ನಿಲ್ಲಿಸಿದ ಜನ ನಮ್ಮವರು. ಇದು ಹೆಮ್ಮೆಯ ಸಂಗತಿ. ಆದರೆ ಒಬ್ಬ ವೀರನ ಮುಖಕ್ಕೂ ಇನ್ನೊಬ್ಬನ ಮುಖಕ್ಕೂ ಭೇದವಿಲ್ಲ. ಅಲ್ಲಿ ಕೃತ್ಯವು ಉಳಿಯಿತು, ಕೆಲವೆಡೆ ಹೆಸರೂ ಉಳಿಯಿತು, ಮುಖವು ಉಳಿಯಲಿಲ್ಲ. ಮಾಸ್ತಿಗಲ್ಲಿನಲ್ಲಿ ಬಳೆ ತೊಟ್ಟು ಎತ್ತಿದ ತೋಳು ಮಾತ್ರವೇ ಹೆಣ್ಣೊಬ್ಬಳ ಪೂರ್ಣಚರಿತ್ರೆ.

ವ್ಯಕ್ತಿಯನ್ನು ವ್ಯಕ್ತಿಯೆಂದು ತೋರಿಸಲೆಳಸಿದ ರೂಪಗಳು ವಿಜಯನಗರ ಕಾಲದಲ್ಲಿ ಹೆಚ್ಚುತ್ತವೆ. ತಿರುಮಲೆಯಲ್ಲಿ ಕೃಷ್ಣದೇವರಾಯನೂ ತಿರುಮಲದೇವಿ ಚಿನ್ನಾದೇವಿಯರೂ ಕೈಮುಗಿದು ನಿಂತಿರುವ ಲೋಹಮೂರ್ತಿಗಳಲ್ಲಿ ಹೆಸರೂ ರೂಪವೂ ಕೂಡಿವೆ. ಲೇಪಾಕ್ಷಿಯ ಭಿತ್ತಿಚಿತ್ರಗಳಲ್ಲಿ ಆ ದೇವಾಲಯವನ್ನು ಕಟ್ಟಿಸಿದ ವಿರೂಪಣ್ಣ ವೀರಣ್ಣರನ್ನು ಗುರುತಿಸುವರು. ಆ ಸೀಮೆಯು ೧೮೮೨ರಲ್ಲಿ ಅನಂತಪುರ ಜಿಲ್ಲೆಯಾಗುವವರೆಗೆ ಬಳ್ಳಾರಿಗೇ ಸೇರಿದ್ದಿತು. ಇವರೆಲ್ಲರೂ ರಾಜರು, ಅಧಿಕಾರಿಗಳು, ದಾನಿಗಳು. ಹೊಲ ಉತ್ತವನ, ಮಡಕೆ ಮಾಡಿದವನ, ಮಕ್ಕಳಿಗೆ ಕಾಗುಣಿತ ಕಲಿಸಿದವನ ಮುಖಗಳು ಕಲ್ಲಿಗೂ ಲೋಹಕ್ಕೂ ಏರಲಿಲ್ಲ. ಅಷ್ಟು ವೆಚ್ಚವನ್ನು ಅವರಿಗಾಗಿ ಮಾಡುವವರಿರಲಿಲ್ಲ. ಬೆಲೆಯಿಲ್ಲದ ಮಣ್ಣಿನಲ್ಲಿ ಮಾಡುವ ಪ್ರತಿಕೃತಿಯ ನಿಜವಾದ ಮಹತ್ತ್ವವಿರುವುದು ಇಲ್ಲಿಯೇ. ಶಾಸನವಿಲ್ಲದವರಿಗೆ ಅದು ಶಾಸನವಾಗಬಲ್ಲುದು.

೫. ಚೌಕಟ್ಟು

ಚೌಕಟ್ಟು ಅಲಂಕಾರಕ್ಕೆಂದು ತಿಳಿದಿರುವವರು ಬಹು ಮಂದಿ. ನಮ್ಮ ವಾಸ್ತುವಿನಲ್ಲಿ ಅದಕ್ಕೆ ಬೇರೆಯೇ ಅರ್ಥವುಂಟು. ಕುರುಗೋಡು ಬಳ್ಳಕುಂದೆ ನಾಡನ್ನಾಳಿದ ಸಿಂದರ ರಾಜಧಾನಿಯಾಗಿದ್ದಿತು. ಅವರು ಕಲ್ಯಾಣದ ಚಾಲುಕ್ಯರ ಮಾಂಡಲಿಕರು. ಅವರ ೧೨ನೆಯ ಶತಮಾನದ ಶಾಸನಗಳು ಅಲ್ಲಿ ದೊರೆತಿವೆ. ದೊಡ್ಡಬಸವೇಶ್ವರನ ಭವ್ಯವಾದ ನಂದಿಯನ್ನು ನೋಡಹೋದವರು ಹಳೆಯ ಊರಿನ ಗುಡಿಗಳನ್ನೂ ನೋಡಬೇಕು. ಚಾಲುಕ್ಯ ಶಿಲ್ಪಿಗಳು ಬಾಗಿಲವಾಡಕ್ಕೆ ಎಷ್ಟು ಶ್ರಮಪಟ್ಟರೆಂಬುದನ್ನು ಬಾಗಳಿ, ಕುರುವತ್ತಿಗಳಲ್ಲಿ ಕಾಣಬಹುದು. ಈ ಎರಡೂ ೨೦೨೧ರಲ್ಲಿ ರಚಿತವಾದ ವಿಜಯನಗರ ಜಿಲ್ಲೆಗೆ ಸೇರಿವೆ. ಶಾಖೆಯೊಳಗೆ ಶಾಖೆಯಾಗಿ ಬಳ್ಳಿ, ಹೂವು, ಕಂಬಗಳನ್ನು ಕಡೆದ ಆ ಬಾಗಿಲವಾಡಗಳು ನೋಡುವವನ ದೃಷ್ಟಿಯನ್ನು ಹೊರಗಿನ ಬೆಳಕಿನಿಂದ ಒಳಗಿನ ಬಿಂಬಕ್ಕೆ ಮೆಲ್ಲಗೆ ಒಯ್ಯುತ್ತವೆ. ಗೋಡೆಯ ದೇವಕೋಷ್ಠವೂ ಮೂರ್ತಿಯ ಹಿಂದಣ ಪ್ರಭಾವಳಿಯೂ ಮಾಡುವುದು ಇದನ್ನೇ. ಇಲ್ಲಿಂದ ಹೊರಗೆ ಲೋಕ, ಇಲ್ಲಿಂದ ಒಳಗೆ ಇವನು ಎಂದು ಗೆರೆಯೆಳೆಯುವುದೇ ಚೌಕಟ್ಟಿನ ಕೆಲಸ.

೧೯ನೆಯ ಶತಮಾನದ ಉತ್ತರಾರ್ಧದಲ್ಲಿ ಛಾಯಾಚಿತ್ರವೂ ಅಚ್ಚಿನ ಪಟಗಳೂ ಬಂದುವು. ಪಟಕ್ಕೆ ಕಟ್ಟು ಹಾಕಿಸಿ ಪಡಸಾಲೆಯ ಗೋಡೆಗೆ ತೂಗುಹಾಕುವುದು ಮನೆಮನೆಯ ರೂಢಿಯಾಯಿತು. ಗತಿಸಿದ ಹಿರಿಯರ ಪಟಕ್ಕೆ ಮಾಲೆ ಹಾಕಿ, ಶ್ರಾದ್ಧದ ದಿವಸ ಗಂಧವಿಟ್ಟು ನಮಸ್ಕರಿಸದ ಮನೆಯೇ ವಿರಳ. ಶುಕ್ರನೀತಿಯ ಆಕ್ಷೇಪಕ್ಕೆ ಜನರ ಆಚಾರವೇ ಉತ್ತರ ಕೊಟ್ಟಿದೆಯೆನ್ನಬೇಕು. ಮಣ್ಣಿನ ಪ್ರತಿಕೃತಿಗೆ ಚೌಕಟ್ಟು ಮತ್ತೊಂದು ಉಪಕಾರವನ್ನೂ ಮಾಡುತ್ತದೆ. ಉಬ್ಬಿದ ಮುಖದಲ್ಲಿ ಎಲ್ಲಕ್ಕಿಂತ ಮುಂದಿರುವುದು ಮೂಗು. ಪೆಟ್ಟು ಮೊದಲು ತಗಲುವುದೂ ಅದಕ್ಕೇ. ಚೌಕಟ್ಟಿನ ಅಂಚು ಮೂಗಿನ ತುದಿಗಿಂತ ಅರ್ಧ ಅಂಗುಲವಾದರೂ ಮುಂದಿದ್ದರೆ ಮುಖವು ಗೂಡಿನೊಳಗಣ ದೀಪದಂತೆ ಸುರಕ್ಷಿತವಾಗಿರುತ್ತದೆ.

೬. ರಚನಾಕ್ರಮ

ಮಣ್ಣನ್ನು ಕುಟ್ಟಿ, ನೀರಿನಲ್ಲಿ ನೆನೆಸಿ, ಕಲಕಿ, ಕಲ್ಲು ಬೇರುಗಳನ್ನು ಸೋಸಿ, ತಿಳಿ ನೀರನ್ನು ಬಸಿದು, ಉಳಿದ ಕೆನೆಮಣ್ಣನ್ನು ನೆರಳಿನಲ್ಲಿ ಗಟ್ಟಿಮಾಡಿಕೊಂಡು ನಾದಬೇಕು. ಒಳಗೆ ಗಾಳಿ ಉಳಿಯಬಾರದು. ದೊಡ್ಡ ಮೃಣ್ಮಯ ಬಿಂಬಗಳಿಗೆ ಮರದ ಶೂಲವನ್ನು ನಿಲ್ಲಿಸಿ ಹಗ್ಗ ಸುತ್ತಿ ಮಣ್ಣು ಮೆತ್ತಬೇಕೆಂದು ಆಗಮಗಳಲ್ಲಿ ವಿಧಿಯಿದೆ. ಗೇಣುದ್ದದ ಅರ್ಧಚಿತ್ರಕ್ಕೆ ಅದು ಬೇಡ. ಬೆರಳು ದಪ್ಪದ ಮಣ್ಣಿನ ಫಲಕವನ್ನು ತಟ್ಟಿ, ಅದರ ಮೇಲೆ ಮುಖದ ರೇಖೆಯನ್ನು ಗೀರಿ, ಒಳಗೆ ಮಣ್ಣನ್ನು ಸ್ವಲ್ಪಸ್ವಲ್ಪವಾಗಿ ಏರಿಸಬೇಕು.

ಅಳತೆಯಲ್ಲಿ ಶಾಸ್ತ್ರವು ದಾರಿ ತೋರುತ್ತದೆ. ಮುಖದ ಉದ್ದವು ಒಂದು ತಾಲ, ಅಂದರೆ ೧೨ ಅಂಗುಲ. ಹಣೆಗೆ ೪, ಮೂಗಿಗೆ ೪, ಮೂಗಿನ ಕೆಳಗಿನಿಂದ ಗದ್ದದ ತುದಿಗೆ ೪. ಇಲ್ಲಿ ಅಂಗುಲವೆಂಬುದು ಆ ಬಿಂಬದ್ದೇ ಅಂಶವಾದುದರಿಂದ ರೂಪವು ಚಿಕ್ಕದಾದರೂ ಪ್ರಮಾಣವು ಕೆಡದು. ಆದರೆ ಈ ಪ್ರಮಾಣವು ಆದರ್ಶಪುರುಷನದು. ನಮ್ಮ ಅಜ್ಜನ ಹಣೆ ೫ ಅಂಗುಲವಿದ್ದರೆ ಅದನ್ನು ೪ಕ್ಕೆ ಇಳಿಸಿದಾಗ ಲಕ್ಷಣವು ಉಳಿದು ಅಜ್ಜನು ಹೋಗುವನು. ಶಾಸ್ತ್ರದ ಅಳತೆಯಿಂದ ಈ ಮುಖವು ಎಲ್ಲೆಲ್ಲಿ ತಪ್ಪಿಕೊಂಡಿದೆಯೆಂದು ಕಂಡುಹಿಡಿಯುವುದೇ ಸಾದೃಶ್ಯದ ಗುಟ್ಟು.

ಮುಖವನ್ನು ಯಾವ ಪಕ್ಕದಿಂದ ತೋರಿಸಬೇಕೆಂಬುದು ಮುಂದಿನ ವಿಚಾರ. ಚಿತ್ರಸೂತ್ರವು ಒಂಬತ್ತು ಸ್ಥಾನಗಳನ್ನು ಹೇಳುತ್ತದೆ. ನೇರವಾಗಿ ಎದುರಿಗಿರುವುದು ಋಜ್ವಾಗತ; ಪೂರ್ಣ 옆ಮೊಗವಲ್ಲದೆ ಒಂದೂವರೆ ಕಣ್ಣು ಕಾಣುವಂತೆ ತಿರುಗಿದುದು ಅಧ್ಯರ್ಧವಿಲೋಚನ; ಒಂದೇ ಕಣ್ಣು ಕಾಣುವಂತೆ ಪಕ್ಕಕ್ಕೆ ತಿರುಗಿದುದು ಪಾರ್ಶ್ವಾಗತ. ಹೊಸಬರಿಗೆ ಪಾರ್ಶ್ವಾಗತವೇ ಸುಲಭ. ಬ್ಯುಟಾಡಿಸನು ಮಾಡಿದುದೂ ನೆರಳಿನ ಪಾರ್ಶ್ವಮುಖವನ್ನೇ. ಋಜ್ವಾಗತದಲ್ಲಿ ಮೂಗನ್ನು ತಕ್ಕಷ್ಟು ಏರಿಸಿದರೆ ಒಡೆಯುವ ಭಯ, ಏರಿಸದಿದ್ದರೆ ಮುಖವು ಚಪ್ಪಟೆ. ಅಧ್ಯರ್ಧವಿಲೋಚನವು ಕಷ್ಟವಾದರೂ ಮುಖದ ಭಾವವು ಅದರಲ್ಲಿಯೇ ಹೆಚ್ಚಾಗಿ ಒಡಮೂಡುತ್ತದೆ. ದೂರದ ಕೆನ್ನೆಯನ್ನು ಕುಗ್ಗಿಸಿ ಹತ್ತಿರದ್ದನ್ನು ಹಿಗ್ಗಿಸುವ ಈ ಉಪಾಯಕ್ಕೆ ಶಾಸ್ತ್ರಕಾರರು ಕ್ಷಯವೃದ್ಧಿಯೆಂದು ಹೆಸರಿಟ್ಟಿರುವರು.

ಒಣಗಿಸುವುದರಲ್ಲಿ ಆತುರವು ಸಲ್ಲದು. ಹಸಿಮಣ್ಣು ಒಣಗುವಾಗ ಉದ್ದದಲ್ಲಿ ನೂರಕ್ಕೆ ಐದರಿಂದ ಎಂಟರಷ್ಟು ಕುಗ್ಗುವುದು ಸಾಮಾನ್ಯ. ಮರದ ಚೌಕಟ್ಟಿನೊಳಗೆ ಹಸಿಮಣ್ಣನ್ನೇ ತುಂಬಿ ಬಿಟ್ಟರೆ ಮರವು ಕುಗ್ಗದು, ಮಣ್ಣು ಕುಗ್ಗುವುದು. ಅಂಚಿನಲ್ಲಿ ಸಂದು ಬೀಳುವುದು, ಇಲ್ಲವೆ ಮುಖದ ನಡುವೆಯೇ ಸೀಳು ಓಡುವುದು. ಆದುದರಿಂದ ಮುಖವನ್ನು ಬೇರೆಯಾಗಿ ಸ್ವಲ್ಪ ದೊಡ್ಡದಾಗಿ ಮಾಡಿ, ಒದ್ದೆ ಬಟ್ಟೆ ಹೊದಿಸಿ ನೆರಳಿನಲ್ಲಿ ಹಲವು ದಿನ ಒಣಗಿಸಿ, ಆ ಬಳಿಕ ಚೌಕಟ್ಟಿಗೆ ಕೂರಿಸುವುದೇ ಕ್ಷೇಮ. ಆವಿಗೆಯಲ್ಲಿ ಸುಡುವುದಾದರೆ ಅರಳೆಯನ್ನು ಕಲಸಬೇಕಾಗಿಲ್ಲ. ದಪ್ಪವಾದ ಭಾಗಗಳನ್ನು ಹಿಂಬದಿಯಿಂದ ತೋಡಿ ತೆಳ್ಳಗೆ ಮಾಡಬೇಕು, ಇಲ್ಲದಿದ್ದರೆ ಒಳಗಿನ ತೇವವು ಆವಿಯಾಗಿ ಸಿಡಿಯುವುದು.

ಬಣ್ಣಕ್ಕೆ ಮೊದಲು ಬಿಳಿಯ ನೆಲೆ ಬೇಕು. ಸುಣ್ಣದ ಪುಡಿಯನ್ನೋ ಬಿಳಿಮಣ್ಣನ್ನೋ ಹುಣಿಸೆಬೀಜದ ಅಂಟಿನಲ್ಲಿ ಅರೆದು ತೆಳ್ಳಗೆ ಎರಡು ಮೂರು ಸಲ ಬಳಿಯಬೇಕು. ಚರ್ಮವನ್ನು ಕುದಿಸಿ ತೆಗೆದ ವಜ್ರಲೇಪವೆಂಬ ಅಂಟನ್ನು ಹಳೆಯ ಗ್ರಂಥಗಳು ಹೇಳುತ್ತವೆ. ಕುರುಗೋಡಿನ ಸಿಂದರು ಮಾಂಡಲಿಕರಾಗಿದ್ದ ಚಾಲುಕ್ಯರ ಮನೆತನದಲ್ಲಿಯೇ ಹುಟ್ಟಿದ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಈ ಲೇಪವನ್ನೂ, ಕರುವಿನ ಕಿವಿಯ ಕೂದಲಿನ ಕುಂಚವನ್ನೂ ವರ್ಣಿಸಿರುವನು. ಕೆಂಪಿಗೆ ಜಾಜು ಮತ್ತು ಇಂಗಳೀಕ, ಹಳದಿಗೆ ಹರಿತಾಳ, ಕಪ್ಪಿಗೆ ಕಾಡಿಗೆ, ನೀಲಕ್ಕೆ ನೀಲಿ. ಇವುಗಳಲ್ಲಿ ಹರಿತಾಳ ಇಂಗಳೀಕಗಳು ವಿಷವಸ್ತುಗಳಾದುದರಿಂದ ಮಕ್ಕಳಿರುವ ಮನೆಗೆ ಜಾಜು ಮತ್ತು ಹಳದಿ ಮಣ್ಣುಗಳೇ ಸಾಕು. ಜಾಜಿನ ಕೆಂಪು ಕಬ್ಬಿಣದ ಕೆಂಪು; ಸೊಂಡೂರಿನ ಬೆಟ್ಟಗಳನ್ನು ಕೆಂಪಾಗಿಸಿರುವುದೂ ಅದೇ.

ಬರಿಯ ಚಿತ್ರಕ್ಕೂ ಅರ್ಧಚಿತ್ರಕ್ಕೂ ಬಣ್ಣ ಹಾಕುವುದರಲ್ಲಿ ದೊಡ್ಡ ಭೇದವುಂಟು. ಚಪ್ಪಟೆಯಾದ ಪಟದಲ್ಲಿ ನೆರಳನ್ನು ಕುಂಚದಿಂದಲೇ ತರಬೇಕು. ಅದಕ್ಕಾಗಿ ಚಿತ್ರಸೂತ್ರವು ಎಲೆಯ ಗೆರೆಯಂತಹ, ಸವರಿದಂತಹ, ಚುಕ್ಕೆಗಳ ಮೂರು ವರ್ತನಾವಿಧಾನಗಳನ್ನು ಹೇಳಿದೆ. ಉಬ್ಬಿದ ಮುಖದಲ್ಲಿ ನೆರಳನ್ನು ಬೆಳಕೇ ಬರೆಯುತ್ತದೆ. ಅಲ್ಲಿ ಕುಂಚವೂ ನೆರಳನ್ನು ಬರೆಯಹೊರಟರೆ ಎರಡು ನೆರಳುಗಳಾಗಿ ಮುಖವು ಕೊಳೆಯಾದಂತೆ ತೋರುವುದು. ಆದುದರಿಂದ ಮೈಬಣ್ಣವನ್ನು ಸಮವಾಗಿ ಹಚ್ಚಿ, ತುಟಿ, ಹುಬ್ಬು, ಕೂದಲು, ವಸ್ತ್ರಗಳಲ್ಲಿ ಮಾತ್ರ ಭೇದವನ್ನು ತೋರಬೇಕು. ಕಣ್ಣನ್ನು ಎಲ್ಲಕ್ಕೂ ಕೊನೆಯಲ್ಲಿ ತೆರೆಸಬೇಕು. ನಿದ್ರಿಸುವವನಲ್ಲಿ ಚೇತನವನ್ನೂ, ಸತ್ತವನಲ್ಲಿ ಅದರ ಅಭಾವವನ್ನೂ ತೋರಬಲ್ಲವನೇ ಚಿತ್ರಜ್ಞನೆಂದು ಚಿತ್ರಸೂತ್ರದ ಅಭಿಪ್ರಾಯ. ಆ ಭೇದವೆಲ್ಲ ಕಣ್ಣಿನ ಎರಡು ಗೆರೆಗಳಲ್ಲಿ ಅಡಗಿದೆ.

೭. ಉಳಿದು ಬಂದ ಸಂಪ್ರದಾಯ

ಈ ವಿದ್ಯೆಯ ಅಂಗಗಳು ನಮ್ಮ ನೆರೆಯಲ್ಲಿಯೇ ಉಳಿದುಬಂದಿವೆ. ಕೊಪ್ಪಳದ ಬಳಿಯ ಕಿನ್ನಾಳದ ಚಿತ್ರಗಾರರು ಹಗುರವಾದ ಮರದಿಂದ ಬೊಂಬೆಗಳನ್ನು ಮಾಡಿ, ಗೋಣಿಚಿಂದಿಯ ಪುಡಿ, ಮರದ ಹೊಟ್ಟು, ಹುಣಿಸೆಬೀಜದ ಅಂಟು ಇವುಗಳಿಂದಾದ ಕಿಟ್ಟವನ್ನು ಮೆತ್ತಿ, ಅದರ ಮೇಲೆ ಬಟ್ಟೆಯ ತುಂಡುಗಳನ್ನಂಟಿಸಿ, ಕಲ್ಲಿನ ಪುಡಿಯ ಲೇಪವನ್ನು ಕೊಟ್ಟು ಬಣ್ಣ ಹಾಕುವರು. ಒಡವೆಗಳನ್ನು ಅದೇ ಲೇಪದಿಂದ ಉಬ್ಬಿಸುವರು. ಇವರ ಪೂರ್ವಿಕರು ಹಂಪೆಯಿಂದ ಬಂದವರೆಂದು ಪ್ರತೀತಿ. ಮೈಸೂರಿನ ಚಿತ್ರಗಾರ ಮನೆತನದಲ್ಲಿ ೧೮೮೬ರಲ್ಲಿ ಹುಟ್ಟಿದ ಕೆ. ವೆಂಕಟಪ್ಪನವರು ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರಲ್ಲಿ ಕಲಿತು, ಚಿತ್ರಗಳನ್ನಲ್ಲದೆ ಗಾರೆಯಂತಹ ಬಿಳಿಯ ಲೇಪದಲ್ಲಿ ಉಬ್ಬುಚಿತ್ರಗಳನ್ನೂ ಮಾಡಿದರು. ೧೯೬೫ರಲ್ಲಿ ಗತಿಸಿದ ಅವರ ಹೆಸರಿನ ಚಿತ್ರಶಾಲೆಯು ಬೆಂಗಳೂರಿನಲ್ಲಿದೆ. ಬಂಗಾಳದ ಕೃಷ್ಣನಗರದ ಮೃತ್ಶಿಲ್ಪಿಗಳು ಮನುಷ್ಯಸಾದೃಶ್ಯದಲ್ಲಿ ಲೋಕಪ್ರಸಿದ್ಧರಾದರು. ಇಟಲಿಯ ಫ್ಲಾರೆನ್ಸಿನಲ್ಲಿ ೧೫ನೆಯ ಶತಮಾನದ ಲೂಕಾ ದೆಲ್ಲಾ ರಾಬಿಯಾ ಎಂಬವನು ಸುಟ್ಟ ಮಣ್ಣಿನ ಉಬ್ಬುರೂಪಗಳಿಗೆ ಗಾಜಿನಂತಹ ಹೊಳಪು ಕೊಟ್ಟು, ಹೂಹಣ್ಣುಗಳ ಮಾಲೆಯನ್ನೇ ಚೌಕಟ್ಟನ್ನಾಗಿ ಮಾಡಿದನು. ಅಲ್ಪವಾದ ಮಣ್ಣು ತಕ್ಕ ಕೈಗಳಲ್ಲಿ ಎಂತಹ ಪದವಿಗೇರಬಲ್ಲುದೆಂಬುದಕ್ಕೆ ಇವು ಸಾಕ್ಷಿಗಳು.

೮. ಬಿನ್ನಹ

ಗಣಪತಿಯ ಹಬ್ಬಕ್ಕೆ ಮನೆಯ ಮಕ್ಕಳಿಂದ ಮಣ್ಣಿನ ಮೂರ್ತಿಯನ್ನು ಮಾಡಿಸುವ ಗೃಹಸ್ಥರು ಅದೇ ಮಣ್ಣಿನಲ್ಲಿ ಒಂದು ಮುಷ್ಟಿಯನ್ನು ಉಳಿಸಿ, ಮನೆಯ ಹಿರಿಯರೊಬ್ಬರನ್ನು ಎದುರಿಗೆ ಕುಳ್ಳಿರಿಸಿ, ಅವರ ಮುಖವನ್ನು ಮಾಡಿಸಬೇಕೆಂದು ನಮ್ಮ ಬಿನ್ನಹ. ಹೋದ ಮೇಲೆ ಮಾಡಿದ ಪ್ರತಿಕೃತಿಗಿಂತ ಇರುವಾಗಲೇ ನೋಡಿ ಮಾಡಿದುದು ಮೇಲು. ಛಾಯಾಚಿತ್ರವು ಒಂದು ಕ್ಷಣದಲ್ಲಿ ಮುಗಿಯುವುದು. ಮಣ್ಣಿನ ಮುಖಕ್ಕಾಗಿ ಮೊಮ್ಮಗನು ಅಜ್ಜಿಯ ಮುಖವನ್ನು ಹಲವು ಸಂಜೆಗಳು ನೋಡಬೇಕಾಗುವುದು. ರೂಪವು ಹೇಗೇ ಬರಲಿ, ಅಷ್ಟು ಹೊತ್ತು ನೋಡಿದ ಮುಖವನ್ನು ಆ ಹುಡುಗನು ಮರೆಯನು.

ಇನ್ನೊಂದು ಮಾತು. ನಿಟ್ಟೂರಿನಲ್ಲಿ ಹೆಸರಿದೆ, ಮುಖವಿಲ್ಲ. ವೀರಗಲ್ಲಿನಲ್ಲಿ ಕೃತ್ಯವಿದೆ, ಮುಖವಿಲ್ಲ. ನಮ್ಮ ಹಳೆಯ ಪಡಸಾಲೆಗಳ ಎಷ್ಟೋ ಪಟಗಳಲ್ಲಿ ಮುಖವಿದೆ, ಹೆಸರು ಹೇಳುವವರಿಲ್ಲ. ಈ ಕೊರತೆಯು ಮುಂದೆ ಬಾರದಂತೆ, ಮಣ್ಣು ಹಸಿಯಿರುವಾಗಲೇ ಫಲಕದ ಹಿಂಬದಿಯಲ್ಲಿ ಕಡ್ಡಿಯಿಂದ ಮೂರು ಸಂಗತಿಗಳನ್ನು ಗೀರಿ ಬರೆಯಿಸಬೇಕು: ಇದು ಯಾರ ಮುಖ, ಮಾಡಿದವರು ಯಾರು, ಯಾವ ಊರಿನ ಮಣ್ಣು ಯಾವ ಸಂವತ್ಸರದಲ್ಲಿ. ಜಿಲ್ಲೆಯ ಕುಂಬಾರರ ಮತ್ತು ಚಿತ್ರಗಾರರ ಮನೆತನಗಳಲ್ಲಿ ಉಳಿದಿರುವ ಮಣ್ಣಿನ ಹದ, ಅಂಟಿನ ಪಾಕ, ಬಣ್ಣದ ಹೆಸರುಗಳನ್ನೂ ಬಲ್ಲವರು ಬರೆದು ಈ ಪತ್ರಿಕೆಗೆ ಕಳುಹಿಸಿದರೆ ಮಹೋಪಕಾರವಾಗುವುದು. ಹಿರಿಯ ಕೈಗಳು ಇನ್ನೂ ಕೆಲಸ ಮಾಡುತ್ತಿರುವಾಗಲೇ ಇದನ್ನು ಮಾಡಬೇಕು.